ದೊಡ್ಡಮ್ಮನ ಪರವಾಗಿ ಹಾಕಿದ ಸಹಿ

ಮೊನ್ನೆ ಅಂಚೆಕಚೇರಿಯಲ್ಲಿ ಯಾರದೋ ಪಾರ್ಸೆಲಿಗೆ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ, ಸಾಲಿನಲ್ಲಿ ನಿಂತಿದ್ದ ನನ್ನ ಅಂಗೈ ಬೆವರಿತು. ಈ ವಯಸ್ಸಿನಲ್ಲಿ ಅಂಚೆಕಚೇರಿಯಲ್ಲಿ ಹೆದರುವಂಥದ್ದು ಏನಿದೆ? ಆದರೂ ಹೆದರಿದೆ. ಬಹಳ ವರ್ಷಗಳ ಹಿಂದೆ, ರಿಜಿಸ್ಟ್ರಾರ್ ಕಚೇರಿಯಲ್ಲಿ ದೊಡ್ಡಮ್ಮನ ಪಕ್ಕ ನಿಂತಿದ್ದಾಗಲೂ ಇದೇ ವಾಸನೆ ಇತ್ತು...

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬೋಳಾರದಲ್ಲಿ, ನದಿಯ ಬದಿಯ ಮನೆಯಲ್ಲಿ, ಒಬ್ಬ ಕೆಲಸದವಳನ್ನು ಇಟ್ಟುಕೊಂಡು ಇದ್ದರು. ಹತ್ತಿರದ ಹಂಚಿನ ಕಾರ್ಖಾನೆಯಲ್ಲಿ ಗಂಡ ಕೊಂಡಿದ್ದ ಶೇರುಗಳಿದ್ದವು. ಅವುಗಳ ಲಾಭಾಂಶದಲ್ಲೇ ಮನೆ ನಡೆಯುತ್ತಿತ್ತು. ಕಣ್ಣು ಪೂರ್ತಿ ಕಾಣದಾದಾಗ ನನ್ನನ್ನು ಕರೆಸಿ, ತನ್ನ ಪರವಾಗಿ ಸಹಿ ಹಾಕುವ ಅಧಿಕಾರಪತ್ರ ಬರೆಸಿದರು. ನಾನು ಆಗ ಶಾಲೆಯ ಮಾಸ್ತರ. ಮದುವೆಯಾಗಿ ವರ್ಷವೂ ತುಂಬಿರಲಿಲ್ಲ.

"ಇವರು ಎಂತ ಮಾಡಿದ್ರೂ ನೀವೇ ಮಾಡಿದ ಹಾಗೆ ಆಗ್ತದೆ. ಗೊತ್ತುಂಟಲ್ಲ ಅಮ್ಮ?" ಎಂದು ರಿಜಿಸ್ಟ್ರಾರರು ಕೇಳಿದರು.

"ಗೊತ್ತುಂಟು. ಹಾಗಾಗಿಯೇ ಇವನಿಗೆ ಕೊಡುವುದು," ಎಂದರು ದೊಡ್ಡಮ್ಮ.

ಮೆಟ್ಟಿಲಿಳಿಯುವಾಗ ಅವರ ಕೈ ಹಿಡಿದಿದ್ದೆ. ಮೆಟ್ಟಿಲು ಎಡವಿದ್ದು ನಾನು. "ಪೋಡಿಯಡ ಮಗಾ," ಎಂದರು ತುಳುವಿನಲ್ಲಿ. ಹೆದರಬೇಡ ಎಂದು.

ಎರಡು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಯುದ್ಧ ನಮ್ಮ ಕಡೆಗೆ ತಿರುಗಿತು. ರಂಗೂನು ಬಿತ್ತು. ಮದ್ರಾಸಿನಲ್ಲಿ ಜನ ಊರು ಬಿಡುತ್ತಿದ್ದಾರೆಂದು ಒಬ್ಬ, ಜಪಾನಿನ ಹಡಗು ನಮ್ಮ ಕಡಲಲ್ಲೇ ಕಾಣಿಸಿತೆಂದು ಇನ್ನೊಬ್ಬ. ನಮ್ಮ ನೆರೆಯವರು ಹಂಡೆ ಪಾತ್ರೆಗಳನ್ನು ಎತ್ತಿನ ಗಾಡಿಗೆ ಹೇರಿ ಘಟ್ಟದ ಬುಡದ ನೆಂಟರ ಮನೆಗೆ ಹೋದರು. ಹಂಚು ಒಯ್ಯುವ ಹಡಗುಗಳು ಬರುವುದು ನಿಂತು, ಕಾರ್ಖಾನೆಯ ಅಂಗಳದಲ್ಲಿ ಹಂಚು ಗುಡ್ಡೆ ಬಿತ್ತು. ಆಗ ಒಬ್ಬ ದಲ್ಲಾಳಿ ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದ.

"ಒಂದು ಬಾಂಬು ಬಿದ್ರೆ ಈ ಶೇರಿನ ಕಾಗದ ಕಡ್ಲೆ ಕಟ್ಲಿಕ್ಕೆ ಮಾತ್ರ ಮಾರಾಯ್ರೆ. ಇವತ್ತು ಅರ್ಧ ಕ್ರಯ ಉಂಟು. ನಾಳೆ ನನ್ನನ್ನು ಕೇಳ್ಬೇಡಿ."

ದೊಡ್ಡಮ್ಮನ ಮನೆ ಹತ್ತು ನಿಮಿಷದ ದಾರಿ. ಹೋಗಿ ಕೇಳಬಹುದಿತ್ತು. ಬೇಡ ಎಂದುಬಿಟ್ಟರೆ, ನಾಳೆ ಎಲ್ಲ ಹೋದರೆ, ಆಕೆಯ ಅನ್ನಕ್ಕೆ ಯಾರು ಹೊಣೆ? ತರಗತಿಯ ಮೇಜಿನ ಮೇಲೆಯೇ ಮಾರಾಟದ ಕಾಗದದಲ್ಲಿ ಅವರ ಹೆಸರು ಬರೆದು, ಕೆಳಗೆ "ಇವರ ಪರವಾಗಿ" ಎಂದು ನನ್ನ ಸಹಿ ಹಾಕಿದೆ.

ಬಾಂಬು ಬೀಳಲಿಲ್ಲ. ಕೆಲವು ತಿಂಗಳಲ್ಲಿ ಮಿಲಿಟರಿಯವರ ಶೆಡ್ಡುಗಳಿಗೆ ಹಂಚು ಬೇಕಾಯಿತು. ಕಾರ್ಖಾನೆ ಹಗಲಿರುಳು ನಡೆಯತೊಡಗಿತು. ನಾನು ಹೋದಾಗಲೆಲ್ಲ ದೊಡ್ಡಮ್ಮ ಜಗಲಿಯಲ್ಲಿ ಕೂತು ಕೇಳುವರು: "ಕಾರ್ಖಾನೆಯ ಚಿಮಿಣಿಯಲ್ಲಿ ಹೊಗೆ ಉಂಟಾ ಮಗಾ?"

"ಉಂಟು ದೊಡ್ಡಮ್ಮ."

ಅವರ ಮುಖ ಅರಳುತ್ತಿತ್ತು. ನಾನು ಬೇರೆ ಮಾತು ತೆಗೆಯುತ್ತಿದ್ದೆ. ಮಾರಿದ ಹಣವನ್ನು ಅವರ ಹೆಸರಿನಲ್ಲೇ ಅಂಚೆಯಲ್ಲಿ ಇಟ್ಟಿದ್ದೆ; ಆದರೆ ಆ ಬಡ್ಡಿ ಏನೇನೂ ಸಾಲದು. ಅದಕ್ಕೆ ನನ್ನ ಸಂಬಳದಿಂದ ಸೇರಿಸಿ, ಲಾಭಾಂಶ ಬಂತು ಎಂದು ಅವರ ಕೈಯಲ್ಲಿಟ್ಟೆ. ಕಂಪನಿಯ ಕಾಗದ ಓದು ಎಂದರು. ಶಾಲೆಯ ಹಾಳೆಯೊಂದನ್ನು ಬಿಡಿಸಿ ಹಿಡಿದು, ಇಲ್ಲದ ಅಕ್ಷರಗಳನ್ನು ಓದಿದೆ. ದನಿ ಎಲ್ಲಿ ಒಡೆಯುತ್ತದೋ ಎಂಬ ಹೆದರಿಕೆಯಲ್ಲಿ ಬೇಗ ಬೇಗ ಓದಿದೆ... ಕಣ್ಣಿಲ್ಲದವರ ಮುಂದೆ ಅಷ್ಟು ಹೆದರಿದ್ದು ಇವತ್ತಿಗೂ ನೆನಪಿದೆ.

ಎರಡನೆಯ ಸಲ ಆಗಲಿಲ್ಲ. ಮಧ್ಯಾಹ್ನ ಅವರು ಗಂಜಿ ಉಣ್ಣುತ್ತಿದ್ದರು. ಹಾಳೆ ಬಿಡಿಸಿದವನು ಓದಲಾರದೆ, ಇದ್ದದ್ದೆಲ್ಲ ಹೇಳಿಬಿಟ್ಟೆ. ಅವರ ಕೈ ಬಟ್ಟಲಲ್ಲೇ ನಿಂತಿತು.

"ಎಷ್ಟಕ್ಕೆ ಕೊಟ್ಟೆ?"

ಹೇಳಿದೆ.

"ಜಪಾನಿನವರಿಗೆ ಹೆದರಿದ್ದು ಇರಲಿ, ಊರೇ ಹೆದರಿತ್ತು. ನನಗೆ ಯಾಕೆ ಹೆದರಿದೆ ನೀನು?"

ಮರುವಾರ ಜಟಕಾ ತರಿಸಿ, ನನ್ನನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅಧಿಕಾರಪತ್ರವನ್ನು ರದ್ದು ಮಾಡಿಸಿದರು. ಯಾರಿಗೂ ಕಾರಣ ಹೇಳಲಿಲ್ಲ. ಅವಮಾನದಿಂದ ನನ್ನ ತಲೆ ತಗ್ಗಿತ್ತು. ನಿಜ ಹೇಳಬೇಕೆಂದರೆ, ಎದೆ ಹಗುರವೂ ಆಗಿತ್ತು. ಆ ಹಗುರಕ್ಕೆ ಈಗಲೂ ನಾಚುತ್ತೇನೆ.

ಆಮೇಲೆ ನನ್ನ ಹಣ ಮುಟ್ಟಲಿಲ್ಲ; ಬಡ್ಡಿ ಸಾಲದೆ ಕೆಲಸದವಳನ್ನು ಬಿಡಿಸಿದರು. ಕಾಫಿ ಬಿಟ್ಟರು, ಬಾಯಿಗೆ ರುಚಿಸುವುದಿಲ್ಲ ಎಂದರು. ಒಮ್ಮೆ ಕಾಫಿಪುಡಿಯ ಪೊಟ್ಟಣ ಒಯ್ದೆ. ಮೂಸಿ ನೋಡಿ, "ಒಳ್ಳೆದುಂಟು. ನಿನ್ನ ಹೆಂಡತಿಗೆ ಕೊಡು," ಎಂದು ನನ್ನ ಕೈಗೇ ಇಟ್ಟರು. ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು.

ಈಗ ಅವರ ವಯಸ್ಸನ್ನೂ ದಾಟಿದ್ದೇನೆ. ಬೆಳಿಗ್ಗೆ ಸೊಸೆ ಬಿಸಿ ಕಾಫಿ ತಂದಿಡುತ್ತಾಳೆ. ಕೈಯಲ್ಲಿ ಹಿಡಿದು ಕೂತಿರುತ್ತೇನೆ. "ಆರಿಹೋಗ್ತದೆ ಮಾವ, ಕುಡಿಯಿರಿ," ಎನ್ನುತ್ತಾಳೆ. ಒಂದು ಲೋಟ ದೊಡ್ಡಮ್ಮನಿಗೆ ಕುಡಿಸಲಾಗಲಿಲ್ಲ ನನ್ನಿಂದ...