ವಿಜ್ಞಾನದ ಕೋಣೆಯ ಗೋಡೆ ಕೆರೆದದ್ದು

ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ. ನಾನು ಆಗಲೂ ವಾಡಿ, ಚಿತ್ತಾಪುರದ ಕಡೆ ಗೋಡೆಗೆ ಸುಣ್ಣ ಹಚ್ಚುವ ಕೆಲಸದಲ್ಲಿದ್ದೆ. ಊರವರೆಲ್ಲ ಡಬ್ಬಿ ಬಣ್ಣಕ್ಕೆ ಹೋಗಿದ್ದರು. ನನಗೆ ಉಳಿದಿದ್ದು ಸರಕಾರಿ ಶಾಲೆ, ಗುಡಿ, ದನದ ಕೊಟ್ಟಿಗೆ. ಮೊದಲು ಗಂಡ ಸುಣ್ಣ ಕಲೆಸುತ್ತಿದ್ದ, ನಾನು ಹಚ್ಚುತ್ತಿದ್ದೆ. ಅವನು ಸತ್ತ ಮೇಲೆ ಎರಡೂ ನಾನೇ. ದಿನವಿಡೀ ಗೋಡೆಗೆ ಮುಖ ಮಾಡಿ ನಿಲ್ಲುವ ಕೆಲಸ. ಮಾತಿಗೆ ಯಾರೂ ಇರುವುದಿಲ್ಲ.

ರಾವೂರ ಹತ್ತಿರದ ಒಂದು ಹೈಸ್ಕೂಲಿಗೆ ಕರೆದರು. ಅಲ್ಲಿ ವಿಜ್ಞಾನ ಕಲಿಸುವವರು ವಿಜಯಲಕ್ಷ್ಮಿ ಟೀಚರು. ವಾಡಿಯಲ್ಲಿ ಕೋಣೆ ಹಿಡಿದು ಒಬ್ಬರೇ ಇದ್ದರು. ಉಳಿದ ಮಾಸ್ತರರು ಗುಂಪಾಗಿ ಉಣ್ಣುವಾಗ ಇವರು ವಿಜ್ಞಾನದ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಆ ಕೋಣೆಯ ಒಂದು ಗೋಡೆ ತುಂಬ ಚೌಕದ ಮನೆಗಳು, ಒಳಗೆ ಇಂಗ್ಲಿಷ್ ಅಕ್ಷರ, ಅಂಕಿ. ಆವರ್ತ ಕೋಷ್ಟಕವಂತೆ, ಲೋಕದ ಮೂಲವಸ್ತುಗಳನ್ನೆಲ್ಲ ಗುಣ ನೋಡಿ ಸಾಲಾಗಿ ಕೂರಿಸಿದ್ದು. ಶಾಲೆ ಮುಚ್ಚಿದ್ದಾಗ ಟೀಚರು ಒಬ್ಬರೇ ಎಣ್ಣೆ ಬಣ್ಣದಲ್ಲಿ ಬರೆದಿದ್ದರು.

ಹೊಸ ಹೆಡ್‌ಮಾಸ್ತರು ಆ ಗೋಡೆ ತೋರಿಸಿ ಹೇಳಿದರು: "ಶಾಲಿ ನೋಡಾಕ ಸಾಹೇಬರು ಬರಾಕತ್ತಾರ. ಎಲ್ಲಾ ಗ್ವಾಡಿ ಬೆಳ್ಳಗ ಆಗಬೇಕು. ಅದಕ್ಕೂ ಹೊಡಿ, ಮಲ್ಲಮ್ಮ."

"ಎಣ್ಣಿ ಬಣ್ಣದ ಮ್ಯಾಲ ಸುಣ್ಣ ನಿಂದ್ರಂಗಿಲ್ರಿ ಸರ. ಕೆರದು ಹಚ್ಚಬೇಕು, ಇಲ್ಲಾ ಬಿಡಬೇಕು."

"ಕೆರಿ ಮತ್ತ. ಕೈಗಿ ಮದರಂಗಿ ಹಚ್ಚಿಯೇನಬೇ?"

ಆ ಗೋಡೆ ಬಿಡಿ ಎಂದು ಟೀಚರು ಅವರನ್ನು ಬೇಡಿಕೊಂಡರು, ಅವರು ಒಪ್ಪಲಿಲ್ಲ. ಆಮೇಲೆ ನನ್ನ ಬಳಿ ಬಂದರು. "ಮಲ್ಲಮ್ಮ, ಕೆರೀಬ್ಯಾಡ್ರಿ. ಮ್ಯಾಲಿಂದ ಹಂಗೇ ಹಚ್ಚಿಬಿಡ್ರಿ. ಸಾಹೇಬರು ಬಂದು ಹೋಗಲಿ, ಆಮ್ಯಾಲ ತಾನೇ ಉದುರ್ತದ."

"ಉದುರೋ ಸುಣ್ಣ ನಾ ಹಚ್ಚಂಗಿಲ್ರಿ ಟೀಚರ."

ನಮ್ಮ ಕೆಲಸದಲ್ಲಿ ಒಂದು ರೂಢಿ. ಸುಣ್ಣ ಒಣಗಿದ ಮೇಲೆ ಯಜಮಾನ ಅಂಗೈಯಿಂದ ಗೋಡೆ ಒರೆಸಿ ನೋಡುತ್ತಾನೆ. ಕೈಗೆ ಬಿಳಿ ಹತ್ತಿದರೆ ಮತ್ತೆ ಕರೆಯುವುದಿಲ್ಲ, ಮುಂದಿನ ಊರಿಗೂ ಸುದ್ದಿ ಹೋಗುತ್ತದೆ. ನನಗಿದ್ದದ್ದು ಆ ಹೆಸರೊಂದೇ.

ತಗಡಿನ ಪಟ್ಟಿ ಹಿಡಿದು ಎಡಗಡೆಯಿಂದ ಕೆರೆಯತೊಡಗಿದೆ. ಟೀಚರು ಹೋಗಲಿಲ್ಲ, ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಬೆರಳು ತೋರಿಸಿ, "ಇದು ನಿಮ್ದು ನೋಡ್ರಿ, ಕ್ಯಾಲ್ಸಿಯಂ," ಎಂದರು. ಸುಟ್ಟ ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ, ಆಕ್ಸಿಜನ್ ಕೂಡಿದ್ದಂತೆ. ಕ್ಯಾಲ್ಸಿಯಂನ ಪರಮಾಣು ತನ್ನ ಹೊರಗಿನ ಎರಡು ಎಲೆಕ್ಟ್ರಾನ್ ಕೊಡುತ್ತದೆ, ಆಕ್ಸಿಜನ್ನಿಗೆ ಎರಡು ಕಡಿಮೆ ಇರುತ್ತವೆ, ತೆಗೆದುಕೊಳ್ಳುತ್ತದೆ. ಆ ಕೊಡುಕೊಳ್ಳುವಿಕೆಯಿಂದ ಒಂದನ್ನೊಂದು ಹಿಡಿಯುತ್ತವೆ. ಅದಕ್ಕೆ ಬಂಧ ಎನ್ನುತ್ತಾರೆ. ಭಟ್ಟಿಯಲ್ಲಿ ಸುಟ್ಟಾಗ ಕಲ್ಲು ಬಿಟ್ಟ ಗಾಳಿಯನ್ನು, ಹಚ್ಚಿದ ಸುಣ್ಣ ಗೋಡೆಯ ಮೇಲೆ ಮತ್ತೆ ಎಳೆದುಕೊಂಡು ಕಲ್ಲಾಗುತ್ತದಂತೆ. ಅಷ್ಟು ಹೇಳಿ ಮುಗಿಯುವಷ್ಟರಲ್ಲಿ ಆ ಮನೆ ನೆಲಕ್ಕೆ ಉದುರಿತ್ತು.

ಬಲಗಡೆಯ ಕೊನೆಯ ಸಾಲು ಒಂದೇ ಉಳಿದಿತ್ತು. "ಇವು ಯಾರ ಕೂಡನೂ ಸುಮ್ಮಸುಮ್ಮನ ಕೂಡಂಗಿಲ್ಲ," ಎಂದರು.

"ಯಾಕ, ಸಿಟ್ಟೇನು?"

"ಸಿಟ್ಟಲ್ರಿ. ಎಲೆಕ್ಟ್ರಾನಿನ ಹೊರಗಿನ ಸುತ್ತು ತುಂಬೇದ. ಅವಕ್ಕ ಯಾರೂ ಬ್ಯಾಡ."

"ಹಂಗಾರ ನಾವಿಬ್ಬರೂ ಆ ಸಾಲಿನವರಲ್ಲ ಬಿಡ್ರಿ."

ಟೀಚರು ನಕ್ಕರು. ಆಮೇಲೆ ನಗಲಿಲ್ಲ. ನಾನು ಆ ಸಾಲನ್ನೂ ಕೆರೆದೆ.

ಸುಣ್ಣ ಒಣಗಿದ ದಿನ ಹೆಡ್‌ಮಾಸ್ತರು ಅಂಗೈಯಿಂದ ಗೋಡೆ ಒರೆಸಿ ನೋಡಿದರು. ಏನೂ ಹತ್ತಲಿಲ್ಲ. "ಶಾಬಾಶ್," ಎಂದರು. ಟೀಚರು ಒಳಗೆ ಬರಲಿಲ್ಲ. ಮರುವರ್ಷ ಚಿಂಚೋಳಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು ಎಂದು ಸಂತೆಯಲ್ಲಿ ಸಿಕ್ಕ ಶಾಲೆಯ ಜವಾನ ಹೇಳಿದ. ಆ ಗೋಡೆಯ ಸುಣ್ಣ ಒಂದು ಚೂರೂ ಉದುರಿಲ್ಲ ಎಂದೂ ಹೇಳಿದ.

ನಾನು ಮಾಡಿದ್ದು ತಪ್ಪು ಎನ್ನುವುದಿಲ್ಲ. ಇವತ್ತು ಹೇಳಿದರೂ ಕೆರೆದೇ ಹಚ್ಚುತ್ತೇನೆ. ಆದರೆ ಒಳ್ಳೆಯ ಕೆಲಸದಿಂದ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ಈ ಕೆಲಸಕ್ಕೆ ಬಂದ ಹೊಸಬರು ತಿಳಿದಿರುತ್ತಾರೆ. ಹಾಗಿಲ್ಲ. ನಾನು ಹಚ್ಚಿದ್ದರಲ್ಲಿ ಅಷ್ಟು ಗಟ್ಟಿಯಾಗಿ ನಿಂತ ಗೋಡೆ ಇನ್ನೊಂದಿಲ್ಲ. ಅದನ್ನು ನೋಡಲು ನಾನು ಮತ್ತೆ ಹೋಗಿಲ್ಲ.