ರೇಡಿಯೋದಲ್ಲಿ ಯಾರೂ ಅಷ್ಟು ಹೊತ್ತು ಮಾತಾಡುವುದಿಲ್ಲ

ಯುದ್ಧದ ಸಿನಿಮಾ ನೋಡುವಾಗ ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಕೈಲಿ ಆಗದ ಕೆಲಸ. ವಾಯುಪಡೆಯಲ್ಲಿ ರೇಡಿಯೋ ಮೆಕ್ಯಾನಿಕ್ ಆಗಿ ಹದಿನೈದು ವರ್ಷ ದುಡಿದು, ಪೆನ್ಷನ್ ತಗೊಂಡು, ಹಾನುಬಾಳಿನ ಹತ್ತಿರ ನಮ್ಮ ಪಾಲಿಗೆ ಬಂದಿದ್ದ ಎರಡೆಕರೆ ಕಾಫಿ ತೋಟಕ್ಕೆ ವಾಪಸ್ ಬಂದವನು ನಾನು. ಹಾರಿದವನಲ್ಲ. ಹಾರುವವರ ಮಾತು ನೆಲಕ್ಕೆ ತಲುಪುವಂತೆ ನೋಡಿಕೊಂಡವನು. ಆದರೆ ನಮ್ಮೂರಿನಲ್ಲಿ ನೆಲ, ನೀರು, ಗಾಳಿ ಎಲ್ಲವೂ ಒಂದೇ ‘ಮಿಲಿಟ್ರಿ’. ಟೀವಿಯಲ್ಲಿ ವಿಮಾನ ಕಂಡರೆ ಸಾಕು, ಪಕ್ಕದ ಮನೆಯವರು ನನ್ನನ್ನು ಕರೆಯುತ್ತಿದ್ದರು.

ಮೊದಮೊದಲು ನಾನು ಹೇಳಿದ್ದಕ್ಕೆಲ್ಲ ಬೆರಗಾಗುತ್ತಿದ್ದರು. ಅಯ್ಯೋ, ಆ ಹೀರೋ ಆಕ್ಸಿಜನ್ ಮಾಸ್ಕ್ ತೆಗೆದು ನಗುತ್ತಾನಲ್ಲ, ಅಷ್ಟು ಮೇಲೆ ಹಾಗೆ ನಕ್ಕರೆ ಎರಡು ನಿಮಿಷಕ್ಕೆ ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಿದ್ದೆ. ಮೆಸ್ಸಿನ ಊಟದ ಮನೆಯಲ್ಲಿ ಆಫೀಸರೂ ಮೆಕ್ಯಾನಿಕ್ಕೂ ಒಂದೇ ಟೇಬಲ್ಲಿನಲ್ಲಿ ಕುಡಿದು ಕುಣಿಯುತ್ತಾರಲ್ಲ, ಅದು ಯಾವ ದೇಶದ ವಾಯುಪಡೆ ಎಂದು ಕೇಳುತ್ತಿದ್ದೆ. ಬರಬರುತ್ತ ಅವರಿಗೆ ಸಾಕಾಯಿತು. ಒಂದು ಭಾನುವಾರ ಪಕ್ಕದ ಮನೆಯ ಯಜಮಾನ ಟೀವಿ ಆರಿಸಿ ನನ್ನ ಮುಖ ನೋಡಿ, “ನಿಂಗೆ ಸಿನಿಮಾ ನೋಡಕ್ಕೂ ಬರಕ್ಕಿಲ್ಲ, ನೋಡೋರ್ನ ನೋಡಕ್ಕೂ ಬುಡಕ್ಕಿಲ್ಲ ಮಾರಾಯ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕರೆಯುವುದು ನಿಂತುಹೋಯಿತು.

ನನಗೆ ಮದುವೆಯಾಗಲಿಲ್ಲ. ರಜೆಗೆ ಬಂದಾಗಲೆಲ್ಲ ಹೆಣ್ಣು ನೋಡಿದ್ದೇ ಬಂತು, ರಜೆ ಮುಗಿಯುವುದರೊಳಗೆ ಒಂದೂ ಕೂಡಿ ಬರಲಿಲ್ಲ. ಹೀಗಾಗಿ ಬೆಳಗ್ಗೆ ಒಂದು ಸಲ ಅನ್ನ ಮಾಡಿ ಎರಡು ಹೊತ್ತು ಉಣ್ಣುವ ಬಾಳು. ಹಣ್ಣು ಕೊಯ್ಲಿನ ಕಾಲದಲ್ಲಿ ಆಳುಗಳು ಬಂದರೆ ಮನುಷ್ಯರ ದನಿ ಕೇಳುತ್ತಿತ್ತು. ಮಿಕ್ಕ ದಿನಗಳಲ್ಲಿ ಸುಮ್ಮನೆ ರಿಪೇರಿಗೆಂದು ಯಾರಾದರೂ ತಂದುಕೊಟ್ಟ ರೇಡಿಯೋಗಳೇ ನನ್ನ ಜೊತೆ ಮಾತಾಡುತ್ತಿದ್ದವು.

ಸಿನಿಮಾದವರ ಮೇಲೆ ನನಗೆ ಅಷ್ಟು ಸಿಟ್ಟೇಕೆ ಎಂದರೆ, ನಿಜವಾಗಿ ಹಾರುವವನೊಬ್ಬ ನನಗೆ ಗೊತ್ತಿದ್ದ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಈಶಾನ್ಯದ ಒಂದು ಗುಡ್ಡಗಾಡಿನ ಸ್ಟೇಷನ್ನಿನಲ್ಲಿದ್ದೆ. ಅಲ್ಲಿಗೆ ಹೊಸದಾಗಿ ಬಂದ ಹೆಲಿಕಾಪ್ಟರ್ ಪೈಲಟ್ ಒಬ್ಬ ನಮ್ಮ ಹಾನುಬಾಳಿನ ಹುಡುಗ. ತಂದೆ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಬಸ್ ನಿಲ್ಲುವ ಜಾಗದ ಪಕ್ಕ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ಮದುವೆಯನ್ನೂ ಆಗದೆ ಅವನನ್ನು ಓದಿಸಿದ್ದರು. ಅವನು ಆಫೀಸರ್, ನಾನು ಕೆಳಗಿನವನು. ನಾಲ್ಕು ಜನರ ಎದುರು ನಾನು ಸೆಲ್ಯೂಟ್ ಹೊಡೆದು ಸಾರ್ ಎನ್ನುತ್ತಿದ್ದೆ. ಯಾರೂ ಇಲ್ಲದಾಗ ಅವನು ನನ್ನ ವರ್ಕ್‌ಶಾಪಿಗೆ ಬಂದು, ಅಣ್ಣ ಎಂದು ಕರೆದು, ಅರ್ಧ ಗಂಟೆ ಬರೀ ಕನ್ನಡದಲ್ಲಿ ಮಾತಾಡಿ ಹೋಗುತ್ತಿದ್ದ.

ಏನು ಮಾತು ಅಂತೀರಿ! ದೇಶಭಕ್ತಿ, ಶತ್ರು, ಬಲಿದಾನ ಒಂದೂ ಇಲ್ಲ. ಕಾಲುಚೀಲ ಒಣಗುವುದಿಲ್ಲ ಎನ್ನುತ್ತಿದ್ದ. ಹೆಲ್ಮೆಟ್ ಹಾಕಿ ಹಾಕಿ ನೆತ್ತಿಯ ಕೂದಲು ಉದುರುತ್ತಿದೆ, ಅಕ್ಕ ಹೆಣ್ಣು ನೋಡುವುದರೊಳಗೆ ಬೋಳಾಗಿಬಿಡುತ್ತೇನೆ ಎಂದು ಗೋಳಾಡುತ್ತಿದ್ದ. ಮೋಡ ಬಿಟ್ಟಿತಾ ಎಂದು ದಿನಕ್ಕೆ ಹತ್ತು ಸಲ ಆಕಾಶ ನೋಡುವುದು, ಬಿಡದಿದ್ದರೆ ಕೇರಂ ಆಡುವುದು, ಬಿಟ್ಟರೆ ಗಡಿಯ ಮೇಲಿನ ತುಕಡಿಗಳಿಗೆ ಅಕ್ಕಿ, ಸೀಮೆಎಣ್ಣೆ, ಟಪಾಲು ಹೊತ್ತು ಹಾಕಿ ಬರುವುದು. ಇದು ಅವರ ವೀರಜೀವನ. ಇದನ್ನು ಸಿನಿಮಾ ಮಾಡಿದರೆ ಟಿಕೆಟ್ ಹರಿಯುವವನಿಗೂ ನಿದ್ದೆ ಬರುತ್ತದೆ, ಒಪ್ಪುತ್ತೇನೆ. ಆದರೆ ಬೆಳಗಾಗೆದ್ದು ಒದ್ದೆ ಕಾಲುಚೀಲ ಹಾಕಿಕೊಂಡು ಮತ್ತೆ ಆ ಮೋಡದ ಸಂದಿಗೆ ನುಗ್ಗುವುದಕ್ಕೆ ಎಷ್ಟು ಎದೆ ಬೇಕು ಎನ್ನುವುದು ನಾನು ಕಂಡ ಯಾವ ಸಿನಿಮಾದಲ್ಲೂ ಇಲ್ಲ.

ಒಂದು ದಿನ ಕಂಟ್ರೋಲ್ ಟವರಿನ ರೇಡಿಯೋ ಸೆಟ್ಟೊಂದು ಕೈಕೊಟ್ಟಿತೆಂದು ನಾನು ಮೇಲೆ ಹೋಗಿದ್ದೆ. ಅವನ ಹೆಲಿಕಾಪ್ಟರ್ ಅಕ್ಕಿ ಇಳಿಸಿ ವಾಪಸ್ ಬರುತ್ತಿತ್ತು. ಅವನಿದ್ದ ಕಣಿವೆಯ ಎರಡೂ ಬಾಯಿ ಮೋಡದಿಂದ ಮುಚ್ಚಿಹೋದವು. ಟವರಿನ ಆಫೀಸರ್ ಕೇಳುತ್ತಿದ್ದರು, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ: ಎಷ್ಟು ಎತ್ತರದಲ್ಲಿದ್ದೇನೆ, ಯಾವ ದಿಕ್ಕಿಗೆ ತಿರುಗಿದ್ದೇನೆ, ಎಡಕ್ಕೆ ಏನೂ ಕಾಣುತ್ತಿಲ್ಲ, ಬಲಕ್ಕೂ ಇಲ್ಲ. ಐದಾರು ನಿಮಿಷ ಹೀಗೇ ನಡೆಯಿತು. ಪಡಿತರದ ಪಟ್ಟಿ ಓದುವವನ ದನಿ, ಅಷ್ಟೇ. ಕೊನೆಗೊಮ್ಮೆ ಅವನ ಮೈಕಿನ ಸ್ವಿಚ್ ಒತ್ತಿಕೊಂಡಿತು. ಇಂಜಿನ್ ಸದ್ದು, ಒಂದು ಉಸಿರು, ಆಮೇಲೆ “ಅಕ್ಕಾ” ಎಂಬ ಒಂದು ಮಾತು. ಅಲ್ಲಿಗೆ ಮುಗಿಯಿತು. ಟವರಿನವರು ಇನ್ನೂ ಅರ್ಧ ಗಂಟೆ ಅವನನ್ನು ಕರೆಯುತ್ತಲೇ ಇದ್ದರು.

ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಕನ್ನಡ ಗೊತ್ತಿದ್ದವನು ನಾನೊಬ್ಬನೇ. ವಿಚಾರಣೆ ನಡೆಸಿದವರು ಟೇಪು ಹಾಕಿ ಹಾಕಿ ಕೇಳಿದರು. ಕೊನೆಯ ಮಾತು ಏನು, ನಿಮ್ಮ ಕಡೆಯ ಭಾಷೆಯಾ ಎಂದು ನನ್ನನ್ನೂ ಕೇಳಿದರು. ಸರಿಯಾಗಿ ಕೇಳಿಸಲಿಲ್ಲ ಸಾರ್ ಎಂದುಬಿಟ್ಟೆ. ಏಕೆ ಹಾಗಂದೆನೋ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮನೆಯೊಳಗಿನ ಮಾತೊಂದನ್ನು ಟೈಪ್ ಮಾಡಿ ಫೈಲಿಗೆ ಸೇರಿಸುವುದು ನನಗೆ ಬೇಡವಾಗಿತ್ತು. ಫೈಲಿನಲ್ಲಿ ‘ಅಸ್ಪಷ್ಟ’ ಎಂದು ಬರೆದುಕೊಂಡರು.

ವಾಯುಪಡೆಯಲ್ಲಿ ಒಂದು ಪದ್ಧತಿಯಿದೆ. ಸತ್ತವನ ಜೊತೆ ಊರಿನ ತನಕ ಅವನ ಭಾಷೆಯವನೊಬ್ಬನನ್ನು ಕಳಿಸುತ್ತಾರೆ; ಹಾಗೆ ಹೊರಟವನು ನಾನು. ಹೋಗುವ ಮುಂಚೆ ಅವನ ಟ್ರಂಕನ್ನು ಇಬ್ಬರು ಕೂತು ಜೋಡಿಸಿ ಪಟ್ಟಿ ಮಾಡಬೇಕು. ಶರ್ಟು ಇಷ್ಟು, ಬಾಚಣಿಗೆ ಒಂದು, ಅರ್ಧ ಸವೆದ ಸೋಪು ಒಂದು. ಸೋಪು ಬಿಡೋಣ ಎಂದ ಜೊತೆಯವನು. ನಾನು ಅವನ ಮೇಲೆ ರೇಗಿ ಸೋಪನ್ನೂ ಬರೆಸಿದೆ. ಸಿನಿಮಾದಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆ ತೋರಿಸುತ್ತಾರೆ, ತುತ್ತೂರಿ ಊದುತ್ತಾರೆ. ಈ ಪಟ್ಟಿ ಬರೆಯುವವರನ್ನು ಯಾರೂ ತೋರಿಸುವುದಿಲ್ಲ.

ಹಾನುಬಾಳಿನಲ್ಲಿ ಜೀಪಿನಿಂದ ಪೆಟ್ಟಿಗೆ ಇಳಿಸಿದಾಗ ಅವನ ಅಕ್ಕ ನನ್ನನ್ನು ಕೇಳಿದ್ದು ಒಂದೇ, ಇದನ್ನು ತೆಗೆಯಬಹುದಾ ಎಂದು. ಆಗುವುದಿಲ್ಲ ಎಂದೆ. ಮುಂದೆ ನಾನು ಕೆಲಸ ಬಿಟ್ಟು ಊರಿಗೆ ಬಂದ ಮೇಲೂ ಅವರು ಏನೂ ಕೇಳಲಿಲ್ಲ. ಊರಿಗೆ ಊರೇ ಅವರನ್ನು ಅಕ್ಕ ಎಂದು ಕರೆಯುತ್ತಿತ್ತು. ನನಗೆ ಮಾತ್ರ ಆ ಪದ ಬಾಯಿಗೆ ಬರುತ್ತಿರಲಿಲ್ಲ. ‘ನೋಡಿ’, ‘ಇವರೇ’ ಎಂದು ಹೇಗೋ ದಾಟಿಸುತ್ತಿದ್ದೆ. ಸೆಟ್ಟಿನಲ್ಲಿ ಕೇಳಿದ್ದು ಕಿವಿಯಲ್ಲೇ ಇರಬೇಕು, ಹೊರಗೆ ಆಡಬಾರದು ಎಂದು ಮೊದಲ ದಿನವೇ ನಮಗೆ ಕಲಿಸಿರುತ್ತಾರೆ. ಆ ನಿಯಮದ ಹಿಂದೆ ವರ್ಷಗಟ್ಟಲೆ ಅವಿತುಕೊಂಡೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಗಣರಾಜ್ಯೋತ್ಸವ. ಬಾವುಟ ಹಾರಿಸಿದ ಮೇಲೆ ಯುವಕ ಸಂಘದವರು ಒಂದು ಎಸ್ಟೇಟಿನ ಖಾಲಿ ಸ್ಟೋರಿನಲ್ಲಿ ಯುದ್ಧದ ಸಿನಿಮಾ ಹಾಕಿದರು. ಹಾಡುಹಗಲು, ಬೆಳಕು ಬರಬಾರದೆಂದು ಕಿಟಕಿಗಳಿಗೆ ಕಾಫಿಯ ಗೋಣಿಚೀಲ ಹೊಡೆದಿದ್ದರು. ಬಾಡಿಗೆಗೆ ತಂದ ದೊಡ್ಡ ಟೀವಿ, ಅದರ ಮುಂದೆ ಕೊಯ್ಲಿನಿಂದ ರಜೆ ಸಿಕ್ಕ ಲೈನ್ ಮನೆಯ ಕೂಲಿಯವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಅಂಗಡಿಯವರು. ಅವನ ಅಕ್ಕನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ನನಗೂ ಪಕ್ಕದಲ್ಲೇ ಒಂದು ಕುರ್ಚಿ.

ಕಡೆಯ ದೃಶ್ಯದಲ್ಲಿ ಹೀರೋನ ವಿಮಾನಕ್ಕೆ ಗುಂಡು ತಗಲಿ ರೆಕ್ಕೆಗೆ ಬೆಂಕಿ ಹತ್ತಿತು. ಅವನು ಮೈಕ್ ಹಿಡಿದುಕೊಂಡು ಅಮ್ಮನ ಜೊತೆ ಮಾತಾಡತೊಡಗಿದ. ಅಮ್ಮಾ, ನಿನ್ನ ಕೈತುತ್ತು, ನಿನ್ನ ಮಡಿಲು, ಮುಂದಿನ ಜನ್ಮ. ನಡುವೆ ಹಾಡಿನ ಒಂದು ಸಾಲೂ ಬಂತು. ಸ್ಟೋರಿನೊಳಗೆ ಎಲ್ಲ ಕಡೆ ಮೂಗೊರೆಸುವ ಸದ್ದು. ನಾನು ಪಕ್ಕಕ್ಕೆ ತಿರುಗಿದೆ. ಅವನ ಅಕ್ಕ ಅಳುತ್ತಿರಲಿಲ್ಲ. ಟೀವಿಯನ್ನೂ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಸಿನಿಮಾ ಮುಗಿದ ಮೇಲೆ ಸಂಘದವರು ನನ್ನಿಂದ ಎರಡು ಮಾತು ಆಡಿಸಿದರು. ನನ್ನ ಹಾಳು ನಾಲಿಗೆ, ಸುಮ್ಮನಿರುತ್ತದೆಯೇ? ರೇಡಿಯೋದಲ್ಲಿ ಯಾರೂ ಅಷ್ಟು ಹೊತ್ತು ಮಾತಾಡುವುದಿಲ್ಲ, ಒಬ್ಬ ಸ್ವಿಚ್ ಒತ್ತಿಕೊಂಡಿದ್ದರೆ ಇನ್ನೊಬ್ಬನ ಮಾತು ಅವನಿಗೆ ಕೇಳುವುದೇ ಇಲ್ಲ, ಸಾಯುವವನು ಹಾಡು ಹೇಳುವುದಿಲ್ಲ ಎಂದೆಲ್ಲ ಭಾಷಣ ಬಿಗಿದೆ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ ಎದ್ದರು. ಅವನ ಅಕ್ಕ ಎದ್ದವರು ನೇರ ನನ್ನ ಹತ್ತಿರ ಬಂದರು.

“ಅಣ್ಣ, ನೀವೇ ಹೇಳ್ಬೇಕು. ಆ ಸಿನಿಮಾ ಹುಡುಗಂಗೆ ಸಾಯ್ತೀನಿ ಅಂತ ಅಷ್ಟೊತ್ತು ಗೊತ್ತಿರ್ತದಲ್ಲ. ನಮ್ಮುಡುಗಂಗೂ ಗೊತ್ತಾಗಿತ್ತಾ? ಯಾರ್ನಾದ್ರೂ ಕರೆದ್ನಾ?”

ಅವರ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಗೊತ್ತಾಗಿತ್ತು ಎಂದರೆ ಈ ಹೆಂಗಸು ಇನ್ನು ನಿದ್ದೆ ಮಾಡುವುದಿಲ್ಲ ಅನ್ನಿಸಿತು ನನಗೆ. ಇಲ್ಲ, ಸಿನಿಮಾ ಎಲ್ಲ ಬೊಗಳೆ, ನಿಜದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದೆ, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದೆ. ಸಿನಿಮಾದ ಸುಳ್ಳು ಹಿಡಿಯುವುದರಲ್ಲಿ ಊರಿಗೇ ಹೆಸರಾದವನು ನಾನು. ನನ್ನ ಮಾತನ್ನು ಅವರು ನಂಬದೆ ಇರುತ್ತಾರೆಯೇ? ನಂಬಿದರು. ಸೆರಗು ಬಿಟ್ಟರು. ಒಂದು ಉಸಿರು ಬಿಟ್ಟು, ನನಗಲ್ಲ, ತಮಗೇ ಹೇಳಿಕೊಂಡಂತೆ, “ಹಂಗಾದ್ರೆ ನನ್ನ ನೆನೆಯಕ್ಕೂ ಪುರಸೊತ್ತು ಸಿಕ್ಕಿಲ್ಲ ಅವಂಗೆ” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ನನ್ನ ಮನೆಯಲ್ಲಿ ನನಗೇ ಕೂರಲಾಗಲಿಲ್ಲ. ಕಾಫಿ ಒಣಹಾಕಿದ ಕಣದಲ್ಲಿ ಕಾಲಾಡಿಸುತ್ತ ಒಂದೇ ಲೆಕ್ಕಾಚಾರ: ನೋವಾಗಬಾರದೆಂದು ಸುಳ್ಳು ಹೇಳಿದೆನೋ, ಅವರಿಗೆ ಸೇರಬೇಕಾದದ್ದನ್ನು ನಾನೇ ಇಟ್ಟುಕೊಂಡೆನೋ? ಅರ್ಧ ಸೋಪನ್ನು ಜಗಳವಾಡಿ ತಲುಪಿಸಿದ ಶೂರ, ಅವನ ಕಡೆಯ ಮಾತನ್ನು ನುಂಗಿಕೊಂಡು ಕೂತಿದ್ದೆ. ಯಾರ ಹತ್ತಿರ ಕೇಳಲಿ? ಇದನ್ನು ಬಲ್ಲವನು ಇಡೀ ಹಾನುಬಾಳಿನಲ್ಲಿ ನಾನೊಬ್ಬನೇ. ಒಂಟಿತನ ಅಂದರೆ ಮನೆಯಲ್ಲಿ ಯಾರೂ ಇಲ್ಲದಿರುವುದು ಎಂದುಕೊಂಡಿದ್ದೆ. ಅಲ್ಲ ಕಣ್ರೀ, ಇದು.

ಆರನೆಯ ದಿನ ಮಧ್ಯಾಹ್ನ ಹೊಲಿಗೆ ಅಂಗಡಿಗೆ ಹೋದೆ. ವನಗೂರಿಗೆ ಹೋಗುವ ಜೀಪು ಜನ ತುಂಬಿಕೊಂಡು ಹೊರಟು ರಸ್ತೆ ಖಾಲಿಯಾಗುವ ತನಕ ಹೊರಗೇ ನಿಂತಿದ್ದೆ. ಅವರು ಒಬ್ಬರೇ ಮೆಷಿನ್ನಿನ ಮುಂದೆ ಕೂತು ಶಾಲೆಯ ಹುಡುಗಿಯ ಲಂಗ ಹೊಲಿಯುತ್ತಿದ್ದರು. ಪ್ಯಾಂಟಾ ಅಣ್ಣ, ಅಳತೆ ಕೊಡ್ತೀರಾ ಎಂದು ಕೇಳಿದರು. ಅಲ್ಲ, ಅವತ್ತು ನಾನು ಸುಳ್ಳು ಹೇಳಿದೆ ಎಂದೆ. ಪೆಡಲ್ ನಿಂತಿತು.

ಮೋಡ ಮುಚ್ಚಿದ್ದು, ಅವನಿಗೆ ಐದಾರು ನಿಮಿಷ ಎಲ್ಲ ಗೊತ್ತಿದ್ದದ್ದು, ಆದರೂ ದನಿ ನಡುಗದೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು, ಪೂರ್ತಿ ಹೇಳಿದೆ. ನಾನು ಅಲ್ಲೇ ಇದ್ದೆ ಎಂದೂ ಹೇಳಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಕೊನೆಗೆ ‘ಅಕ್ಕಾ’ ಅಂದ. ಬೇರೆ ಏನೂ ಅನ್ನಲಿಲ್ಲ.”

ಬಯ್ಯುತ್ತಾರೆ, ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೆಯಾ ಪಾಪಿ ಎನ್ನುತ್ತಾರೆ ಎಂದು ಕಾದೆ. ಅದಕ್ಕೂ ಸಿದ್ಧನಾಗಿಯೇ ಹೋಗಿದ್ದೆ.

“ಎಷ್ಟು ಸಲ ಅಂದ?” ಎಂದು ಕೇಳಿದರು.

“ಒಂದೇ ಸಲ.”

ಅವರು ಹೌದೆಂಬಂತೆ ತಲೆಯಾಡಿಸಿದರು. ಗೊತ್ತಿದ್ದ ದನಿಯನ್ನು ಗುರುತು ಹಿಡಿದವರ ಮುಖ ಅದು.

“ಅವ್ನು ಒಂದೇ ಸಲ ಕರೀತಿದ್ದಿದ್ದು. ಎರಡ್ನೇ ಸಲ ಕರೆಯೋ ಹಂಗೆ ನಾನು ಯಾವತ್ತೂ ಇಟ್ಕಂಡಿರ್ಲಿಲ್ಲ. ಒಂದ್ಸಲ ಅಂದ್ರೆ ಓಡೋಗ್ತಿದ್ದೆ.”

ಅಷ್ಟು ಹೇಳಿ ಹೊಲಿಯುತ್ತಿದ್ದ ಲಂಗದ ಮೇಲೆ ತಲೆಯಿಟ್ಟರು. ನಾನು ಗಿರಾಕಿಗಳ ಸ್ಟೂಲಿನ ಮೇಲೆ ಕೂತೆ. ಅವರು ಹೋಗಿ ಎನ್ನಲಿಲ್ಲ.