ಗೋಡೆಗೆ ಮೊದಲು ನಿಂತ ಬಾಗಿಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಬಡಗಿ ಕೆಲಸ ಮಾಡಿ ಬದುಕಿದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತರ ಹತ್ತಿರ ಮತ್ತೆ ಪುಸ್ತಕ ಹಿಡಿದೆ. ಇದನ್ನು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ಮನ್ನಿಸಿ ಮುಂದೆ ಓದಿ.

ಹೋದ ತಿಂಗಳು ಗಂಗೊಳ್ಳಿಗೆ ಹೋಗಿದ್ದೆ. ಹೊಳೆಬದಿಯಲ್ಲಿ ಒಂದು ಹಳೆಯ ಮರದ ದೋಣಿಯನ್ನು ಮಗುಚಿ ಹಾಕಿ ಮೀನೆಣ್ಣೆ ಹಚ್ಚುತ್ತಿದ್ದರು. ಈಗ ಎಲ್ಲ ಕಡೆ ಫೈಬರ್ ದೋಣಿ. ಆ ವಾಸನೆ ಮೂಗಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡು ಮುಂದೆ ಹೋದರು. ನಾನು ಅಲ್ಲೇ ನಿಂತೆ. ಬಹರೈನಿನ ಹಿದ್ ಎಂಬ ಊರಿನ ಕಡಲ ದಂಡೆ, ಅಲ್ಲಿ ಮರದ ಹಡಗು ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು ನೆನಪಾದರು...

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಹರೈನಿನಲ್ಲೇ ಸಲ್ಮಾಬಾದಿನ ಒಂದು ಮರದ ವರ್ಕ್‌ಶಾಪಿನಲ್ಲಿದ್ದೆ. ಎಣ್ಣೆ ಕಂಪನಿಯವರಿದ್ದ ಅವಾಲಿಯ ಮನೆಗಳಿಗೆ ಅಡುಗೆಮನೆಯ ಕಪಾಟು, ಕಿಟಕಿ ಮಾಡಿ ಕಳಿಸುವುದು ನಮ್ಮ ಕೆಲಸ. ಶುಕ್ರವಾರ ರಜೆ. ನನ್ನ ರೂಮಿನಲ್ಲಿ ಕುಂದಾಪುರದ ಕಡೆಯ ಒಬ್ಬ ಫಿಟ್ಟರ್ ಇದ್ದ. ಮೀನು ತರುವುದಕ್ಕೆ ಅವನ ಜೊತೆ ಹಿದ್‌ಗೆ ಹೋಗುತ್ತಿದ್ದೆ. ಅವನು ಮೀನು ಆರಿಸುವಷ್ಟು ಹೊತ್ತು ನಾನು ಹಡಗಿನ ಹತ್ತಿರ ನಿಲ್ಲುತ್ತಿದ್ದೆ. ಮರದ ಕೆಲಸದವನಿಗೆ ಮರದ ಕಡೆಗೇ ಕಣ್ಣು.

ಅಲ್ಲಿದ್ದವರು ಆ ಮುದುಕರನ್ನು ಫುಂಡಿ ಎಂದು ಕರೆಯುತ್ತಿದ್ದರು. ಮುದುಕರ ಊರಿನ ಭಾಷೆಯಲ್ಲಿ ಕಸುಬುದಾರ ಎಂದು ಅರ್ಥವಂತೆ. ಆಫ್ರಿಕಾದ ದಂಡೆಯ ಲಾಮು ಎಂಬ ಊರು ಅವರದು. ತಾಯಿ ಆ ಊರಿನವಳು, ತಂದೆ ಅರಬ್ ಕಡೆಯಿಂದ ಹಡಗಿನಲ್ಲಿ ಬಂದವನು. ಬಹಳ ಎತ್ತರದ ಆಳು. ನನ್ನನ್ನು ಅವರು ಹೆಸರಿಟ್ಟು ಕರೆದದ್ದೇ ಇಲ್ಲ. ನಜ್ಜಾರ್ ಎನ್ನುತ್ತಿದ್ದರು, ಅರಬಿಯಲ್ಲಿ ಬಡಗಿ. ನಮ್ಮ ಮಾತು ಅರ್ಧ ಹಿಂದಿ, ಅರ್ಧ ಅರಬಿ. ಅದನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೆದಿದ್ದೇನೆ.

ಅವರ ಊರಿನ ಸಂಗತಿಗಳನ್ನು ಅವರು ಒಟ್ಟಿಗೆ ಕೂತು ಹೇಳಿದವರಲ್ಲ. ಉಳಿ ಹೊಡೆಯುತ್ತಾ ಒಂದು ತುಂಡು, ಹಲಗೆಯ ಸಂದಿಗೆ ಹತ್ತಿ ತುರುಕುತ್ತಾ ಇನ್ನೊಂದು ತುಂಡು. ಚಳಿಗಾಲದ ಗಾಳಿ ಹಡಗುಗಳನ್ನು ಅರಬ್ ಕಡೆಯಿಂದ ಲಾಮು ಕಡೆಗೆ ತಳ್ಳುತ್ತದೆ. ಗಾಳಿ ತಿರುಗುವ ತನಕ ಯಾರೂ ವಾಪಸು ಬರುವ ಹಾಗಿಲ್ಲ. ಹಾಗೆ ತಿಂಗಳುಗಟ್ಟಲೆ ಕಾದವರು ಅಲ್ಲೇ ಮದುವೆಯಾದರು, ಅಲ್ಲಿಯ ಮಾತು ಕಲಿತರು, ತಮ್ಮ ಮಾತನ್ನೂ ಅಲ್ಲಿ ಬಿಟ್ಟರು. ಗಂಡಸು ಗಾಳಿಯ ಜೊತೆ ಬಂದು ಹೋಗುವವನಾದ್ದರಿಂದ ಮನೆ ಹೆಂಗಸಿನದು. ಮಗಳ ಮದುವೆಗೆ ತಾಯಿಯ ಮನೆಯ ಮಾಳಿಗೆಯ ಮೇಲೆ ಅವಳಿಗೊಂದು ಕೋಣೆ ಕಟ್ಟಿಕೊಡಬೇಕು. ಅಳಿಯ ಅಲ್ಲಿಗೆ ಬಂದು ಇರುತ್ತಾನೆ. ನಮ್ಮ ಅಳಿಯಕಟ್ಟಿನ ಮನೆಗಳನ್ನು ನೋಡಿದ ನನಗೆ ಇದು ಹೊಸತು ಎನಿಸಲಿಲ್ಲ.

ಕೋಣೆಗಳು ಅಲ್ಲಿ ಉದ್ದ, ಆದರೆ ಅಗಲ ಕಡಿಮೆ. ಅವರ ಮಾಳಿಗೆಗೆ ಹಾಕುವುದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳ. ಆ ಗಳ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಅದೇ ಗಳ ಹಡಗಿನಲ್ಲಿ ಬಹರೈನಿಗೂ ಬರುತ್ತಿತ್ತು. ಹಾಗಾಗಿ ಹಿದ್ ಪಕ್ಕದ ಮುಹರಕ್ಕಿನ ಹಳೆಯ ಮನೆಗಳ ಕೋಣೆಗಳೂ ಅಷ್ಟೇ ಅಗಲ. ಗಳವನ್ನು ಇಪ್ಪತ್ತಿಪ್ಪತ್ತು ಎಣಿಸಿ ಕೋರ್ಜಿ ಎನ್ನುತ್ತಾರಂತೆ. ನಮ್ಮಲ್ಲಿ ಅಕ್ಕಿ ಮುಡಿಗೂ ಕೋರ್ಜಿ ಇತ್ತು, ಆದರೆ ಅದು ನಲವತ್ತೆರಡು. ಹೆಸರು ಒಂದೇ, ಲೆಕ್ಕ ಬೇರೆ. ಕೇಳಿ ಇಬ್ಬರೂ ನಕ್ಕಿದ್ದೆವು. ಅಷ್ಟರಿಂದ ನಾನೇನೂ ಕಲಿಯಲಿಲ್ಲ.

ಲಾಮುವಿನಲ್ಲಿ ಫುಂಡಿಗೆ ಮಗಳಿದ್ದಳು. ಅವಳು ಆರು ವರ್ಷದವಳಿದ್ದಾಗ ಕೊನೆಯ ಸಲ ನೋಡಿದ್ದು. ಈಗ ಅವಳಿಗೆ ಮದುವೆ ಗೊತ್ತಾಗಿತ್ತು. ಕೋಣೆಗೆ ಗಳ, ಕಲ್ಲು, ಸುಣ್ಣ ತಯಾರು. ಆದರೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ಅಲ್ಲಿ ಮೊದಲು ಬಾಗಿಲು ನಿಲ್ಲಿಸುತ್ತಾರೆ. ಗೋಡೆ ಆಮೇಲೆ ಬಾಗಿಲಿನ ಬಳಿಗೆ ಬರುತ್ತದೆ. ಬಾಗಿಲು ಕೊಡಬೇಕಾದವನು ತಂದೆ. ಹುಡುಗನೂ ಹಡಗಿನವನೇ, ಗಾಳಿ ತಿರುಗಿದರೆ ಹೊರಟುಬಿಡುವವನು. ಈ ಚಳಿಗಾಲದಲ್ಲಿ ಬಾಗಿಲು ತಲುಪದಿದ್ದರೆ ಈ ವರ್ಷ ಮದುವೆ ಇಲ್ಲ, ಮುಂದಿನ ವರ್ಷದ ಮಾತು ಯಾರು ಬಲ್ಲರು ಎಂದು ಫುಂಡಿ ಹೇಳಿದ್ದರು. ಖರ್ಜೂರ ತುಂಬಿದ ಒಂದು ಹಡಗು ಆ ಕಡೆಗೆ ಹೊರಡುವುದಿತ್ತು.

ನೀವೇ ಹೋಗಬಾರದೇ ಎಂದು ಕೇಳಿದ್ದೆ. ಮೊದಲು ಗಾಳಿ ಇದ್ದರೆ ಸಾಕಿತ್ತು, ಈಗ ಪಾಸ್‌ಪೋರ್ಟ್ ಬೇಕು ಎಂದರು. ತಾಯಿ ಒಂದು ದೇಶ, ತಂದೆ ಒಂದು ದೇಶ, ತಾವಿರುವುದು ಇನ್ನೊಂದು ದೇಶ. ಯಾವುದರ ಕಾಗದವೂ ಅವರ ಹತ್ತಿರ ಇರಲಿಲ್ಲ.

ದಾರಂದವನ್ನು, ಅಂದರೆ ಬಾಗಿಲ ಚೌಕಟ್ಟನ್ನು, ಅವರೇ ಕೆತ್ತಿದರು. ತೇಗದ ಮರ, ಒಂದು ಹಳೆಯ ಹಡಗು ಒಡೆದಾಗ ಸಿಕ್ಕಿದ್ದು. ನಿನ್ನ ಊರಿನ ಕಡೆಯ ಮರ ಎಂದು ನನಗೆ ತಟ್ಟಿ ತೋರಿಸಿದರು. ಎರಡು ನಿಲುವುಗಳ ಬುಡದಲ್ಲಿ ಮೀನು, ಅದರ ಮೇಲೆ ನೀರಿನ ಅಲೆ, ಅಂಚಿನ ಉದ್ದಕ್ಕೂ ಸರಪಳಿ, ತಲೆಯ ಮೇಲೆ ಖರ್ಜೂರದ ಗರಿ, ನಡುವೆ ನಮ್ಮ ತಾವರೆಯಂಥ ಹೂವು. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ. ಎರಡು ಕದಗಳನ್ನು ಮಾತ್ರ ನನಗೆ ಒಪ್ಪಿಸಿದರು. ಹೇಳಿದ್ದು ಇಷ್ಟೇ: ಎತ್ತರ ನಾಲ್ಕು ಮೊಳ, ಅಗಲ ಎರಡು ಮೊಳ.

ಆಗ ನಾನು ಏಳನೇ ಕ್ಲಾಸಿನ ಪುಸ್ತಕ ಓದುತ್ತಿದ್ದೆ. ಅಳತೆಯ ಕೋಷ್ಟಕ ಬಾಯಿಪಾಠ. ಒಂದು ಮೊಳಕ್ಕೆ ಒಂದೂವರೆ ಅಡಿ, ನಾಲ್ಕು ಮೊಳಕ್ಕೆ ಆರು ಅಡಿ. ದಾರಂದಕ್ಕೇ ಟೇಪು ಹಿಡಿದು ನೋಡಬೇಕು ಎನಿಸಲೇ ಇಲ್ಲ. ಫೋರ್‌ಮನ್‌ನನ್ನು ಕೇಳಿಕೊಂಡು ವರ್ಕ್‌ಶಾಪಿನಲ್ಲೇ ಬಿಡುವಿನಲ್ಲಿ ಮಾಡಿದೆ. ಸ್ಟೀಲ್ ಟೇಪು ಹಿಡಿದು ಕೂದಲೆಳೆಯಷ್ಟೂ ತಪ್ಪದ ಹಾಗೆ ಆರು ಅಡಿ. ಮಾಡುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

ಹಡಗು ಹೊರಡುವುದಕ್ಕೆ ಎರಡು ದಿನ ಇರುವಾಗ ಕದಗಳನ್ನು ಪಿಕಪ್ಪಿನಲ್ಲಿ ಹಿದ್‌ಗೆ ತಂದೆವು. ದಾರಂದಕ್ಕೆ ಆನಿಸಿ ನೋಡಿದರೆ ಮೇಲೆ ಎಂಟು ಇಂಚು ಖಾಲಿ. ಅಗಲದ ಕೊರತೆ ಎರಡು ಕದ ಕೂಡುವ ಕಡೆಯ ನಡುಪಟ್ಟಿಯಲ್ಲಿ ಮುಚ್ಚಿಹೋಗುತ್ತಿತ್ತು, ಎತ್ತರದ್ದು ಮುಚ್ಚುವಂಥದ್ದಲ್ಲ. ನಾನು ಟೇಪು ಬಿಚ್ಚಿ ಆರು ಅಡಿ ತೋರಿಸಿದೆ. ಫುಂಡಿ ತಮ್ಮ ಮೊಣಕೈಯನ್ನು ನಿಲುವಿಗೆ ಊರಿ ನಾಲ್ಕು ಸಲ ಮೇಲಕ್ಕೆ ಏರಿಸಿ ತೋರಿಸಿದರು. ಆಮೇಲೆ ನಾನೇ ಟೇಪಿನಲ್ಲಿ ಅವರ ಕೈ ಅಳೆದೆ. ಮೊಣಕೈಯಿಂದ ಬೆರಳ ತುದಿಗೆ ಇಪ್ಪತ್ತು ಇಂಚು. ಅವರ ಊರಿನಲ್ಲಿ ಮನೆ ಯಾರು ಕಟ್ಟಿಸುತ್ತಾರೋ ಅವರ ಕೈಯೇ ಮೊಳ. ಇದನ್ನು ಒಬ್ಬ ಬಡಗಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ನನ್ನ ರೂಮಿನವನು ಮೀನಿನ ಚೀಲ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದ. "ಹ್ವಾಯ್, ಪುಸ್ತ್ಕದ್ ಮೊಳ ಹಿಡ್ಕಂಡ್ ಬಾಗ್ಲ್ ಮಾಡಿದ್ಯಾ ನೀನ್? ಆ ಅಜ್ಜನ್ ಕೈ ಕಂಡಿದ್ಯಾ, ದೋಣಿ ಜಲ್ಲಿ ಕೋಲ್ ಇದ್ದಂಗ್ ಇತ್ತಲ್ಲ ಮಾರಾಯಾ" ಎಂದ. ನಾನು ಟೇಪು ಸುತ್ತಿ ಜೇಬಿಗೆ ಹಾಕಿದೆ.

ಹೊಸ ಕದ ಮಾಡಲು ಅಷ್ಟು ಉದ್ದದ ತೇಗ ಎರಡು ದಿನದಲ್ಲಿ ಸಿಗುವ ಹಾಗಿರಲಿಲ್ಲ. ಕದದ ಮೇಲೆ ತುಂಡು ಹಲಗೆ ಕೂಡಿಸಿ ಕೊಡುತ್ತೇನೆ ಎಂದೆ. ಫುಂಡಿ ಬೇಡ ಎಂದರು, ಮದುವೆ ಮನೆಯ ಬಾಗಿಲಿಗೆ ತೇಪೆ ಹಾಕಬಾರದಂತೆ. ಆಮೇಲೆ ಎರಡು ನಿಲುವುಗಳನ್ನು ಮಲಗಿಸಿ, ಬುಡದಿಂದ ಎಂಟು ಇಂಚಿಗೆ ಸೀಮೆಸುಣ್ಣದ ಗೆರೆ ಎಳೆದರು. ಗೆರೆಯ ಕೆಳಗೆ ಇದ್ದದ್ದು ಮೀನು. ಗರಗಸವನ್ನು ನನ್ನ ಕೈಗೆ ಕೊಟ್ಟರು.

"ನೀನು ಕೊಯ್ಯಿ, ನಜ್ಜಾರ್. ಇದನ್ನು ಕೆತ್ತಿದ ಕೈಯಿಂದ ಕೊಯ್ಯಲಿಕ್ಕೆ ಆಗುವುದಿಲ್ಲ."

ಕೊಯ್ದೆ. ಗೆರೆ ತಪ್ಪಲಿಲ್ಲ. ನಾನು ತಲೆ ಎತ್ತದೆ ಇದ್ದದ್ದನ್ನು ಕಂಡು ಅವರೇ ಮಾತಾಡಿದರು. "ಗೋಡೆ ಇನ್ನೂ ಕಟ್ಟಿಲ್ಲ. ಬಾಗಿಲು ಎಷ್ಟಿದೆಯೋ ಗೋಡೆ ಅಷ್ಟಕ್ಕೆ ಬರುತ್ತದೆ. ಅಳಿಯ ತಲೆ ಬಗ್ಗಿಸಿ ಒಳಗೆ ಬರಲಿ. ಹೆಂಡತಿಯ ಮನೆಗೆ ಬರುವವನು, ಬಗ್ಗಿದರೆ ಒಳ್ಳೆಯದೇ."

ಬಾಗಿಲನ್ನು ಗೋಣಿ ಸುತ್ತಿ ಖರ್ಜೂರದ ಚೀಲಗಳ ಮೇಲೆ ಮಲಗಿಸಿದರು. ಹೊರಡುವ ದಿನ ನನಗೆ ಕೆಲಸವಿತ್ತು, ಹೋಗಲಿಲ್ಲ.

ಮುಂದಿನ ಬೇಸಗೆಯಲ್ಲಿ ಆ ಹಡಗಿನ ಒಬ್ಬ ಖಲಾಸಿ ವಾಪಸು ಬಂದ. ಅವನು ಫುಂಡಿಯನ್ನು ಕಾಣಲು ಬಂದಾಗ ನಾನೂ ಅಲ್ಲಿದ್ದೆ. ಬಾಗಿಲು ತಲುಪಿತು, ಮಾಳಿಗೆಯ ಮೇಲೆ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡೆ ಎಂದ. ಗೋಡೆ ಸೊಂಟದ ಎತ್ತರಕ್ಕೆ ಬಂದಿತ್ತು, ಅಷ್ಟರಲ್ಲಿ ಗಾಳಿ ತಿರುಗಿತು, ನಾವು ಹೊರಟೆವು ಎಂದ. ಮದುವೆ ಆಯಿತೇ ಎಂದು ಫುಂಡಿ ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಫುಂಡಿ ಅವನಿಗೆ ಚಹಾ ತರಿಸಿ ಕೊಟ್ಟು, ಬಾಗಿಲಿನ ಎದುರಿಗೆ ಯಾವ ದಿಕ್ಕು ಇದೆ, ಬಿಸಿಲು ಬೀಳುತ್ತದೆಯೇ, ಯಾರು ಕಲ್ಲು ಕಟ್ಟುತ್ತಿದ್ದರು ಎಂದು ಬಹಳ ಹೊತ್ತು ಕೇಳಿದರು...

ಅದರ ಮರುವರ್ಷ ಆ ಕಡೆಯ ಹಡಗು ಯಾವುದೂ ಬರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ನನ್ನ ಕಾಂಟ್ರಾಕ್ಟ್ ಮುಗಿದು ಊರಿಗೆ ಬಂದೆ. ಹೇಳಿ ಬರಲು ಹೋದಾಗ ಅವರು ಹಡಗಿನ ಕೆಳಗೆ ನುಸುಳಿ ಕೆಲಸ ಮಾಡುತ್ತಿದ್ದರು. ಅಲ್ಲಿಂದಲೇ ಕೈ ಎತ್ತಿದರು. ಕಾಗದ ಬರೆಯಲು ಅವರ ಲಿಪಿ ನನಗೆ ಬಾರದು, ನನ್ನದು ಅವರಿಗೆ ಬಾರದು.

ಆಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ, ಲೆಕ್ಕದಲ್ಲಿ ಒಳ್ಳೆಯ ಮಾರ್ಕು ಬಂತು. ಫುಂಡಿ ಈಗ ಇದ್ದಿದ್ದರೆ ನೂರು ದಾಟಿರಬೇಕು. ಇಲ್ಲ ಎಂದೇ ತಿಳಿದುಕೊಂಡಿದ್ದೇನೆ. ಸೊಂಟದಿಂದ ಮೇಲಕ್ಕೆ ಆ ಗೋಡೆ ಬಂತೋ ಇಲ್ಲವೋ ಹೇಳುವವರು ನನಗೆ ಯಾರೂ ಉಳಿದಿಲ್ಲ.

ನಿಮ್ಮ ಕೈಯಿಂದ ತಪ್ಪಾಗಿ, ಅದರ ನಷ್ಟವನ್ನು ಬೇರೊಬ್ಬರು ಬೈಯದೆ ಹೊತ್ತುಕೊಂಡದ್ದು ಇದ್ದರೆ, ಅದು ಗಲ್ಫಿನಲ್ಲೇ ಆಗಿರಲಿ ಊರಲ್ಲೇ ಆಗಿರಲಿ, ದಯವಿಟ್ಟು ಬರೆಯಿರಿ. ನಾನು ಓದುವುದೂ ನಿಧಾನ. ಆದರೆ ಎಲ್ಲವನ್ನೂ ಓದುತ್ತೇನೆ.